ಸಿಂದಗಿ ರಸ್ತೆಯಲ್ಲಿ ಕಣ್ಣು ಮುಚ್ಚದ ಕ್ಯಾಮೆರಾ

ನಾನು ಸೈಕಲ್ಲಿನ ಹ್ಯಾಂಡಲ್‌ಗೆ ಕಟ್ಟುವ ಒಂದು ಕ್ಯಾಮೆರಾ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಒಬ್ಬರು ಕಣ್ಣು ಕೂರಿಸಿದರು, ಇನ್ನೊಬ್ಬರು ಕಿವಿ ಇಟ್ಟರು, ಮತ್ತೊಬ್ಬರು ಹೊಟ್ಟೆಯೊಳಗೆ ದಪ್ಪನೆಯ ಬ್ಯಾಟರಿ ತುರುಕಿ ಮುಚ್ಚಳ ಬಿಗಿದರು. ಆ ಬ್ಯಾಟರಿಯಿಂದಾಗಿ ನಾನು ನನ್ನ ಓರಗೆಯವರಿಗಿಂತ ಡುಮ್ಮ. ನೋಟವೂ ಅಷ್ಟು ಚುರುಕಲ್ಲ. ವಿಜಯಪುರದ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಬಹಳ ಕಾಲ ಯಾರಿಗೂ ಬೇಡವಾಗಿ ಕೂತಿದ್ದೆ.

ನನ್ನನ್ನು ಕೊಂಡವರು ನೀಲಾಂಬಿಕಾ ಕಟಗೇರಿ. ಊರಿನಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದರು. ಭಾನುವಾರ ಬಂತೆಂದರೆ ಬೆಳಿಗ್ಗೆ ಸೈಕಲ್ ಹತ್ತಿ ಹೊರಟು ಸಂಜೆಗೇ ಮನೆ ಸೇರುವವರು. ಹಿಂದಿನ ವರ್ಷ ಹಾಲಿನ ಗಾಡಿಯೊಂದು ಅವರನ್ನು ರಸ್ತೆಯಿಂದ ಕೆಳಗೆ ತಳ್ಳಿತ್ತು. ಭುಜದ ಎಲುಬು ಮುರಿದಿತ್ತು. ಗಾಡಿಯವನು, "ಅವರೇ ಅಡ್ಡ ಬಂದ್ರು" ಅಂದ. ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ನೋವಿಗಿಂತ ಆ ಮಾತೇ ಅವರನ್ನು ಹೆಚ್ಚು ಸುಟ್ಟಿತ್ತು. ಅದಕ್ಕೇ ಅವರಿಗೆ ಸಾಕ್ಷಿ ಹೇಳುವ ಕಣ್ಣೊಂದು ಬೇಕಾಗಿತ್ತು.

ಅಂಗಡಿಯವನು ತೆಳ್ಳನೆಯ, ಹೊಳೆಯುವ ಕ್ಯಾಮೆರಾಗಳನ್ನೆಲ್ಲ ತೆಗೆದಿಟ್ಟ. ಅವರು ಪ್ರತಿಯೊಂದನ್ನೂ ಹಿಡಿದು ಒಂದೇ ಪ್ರಶ್ನೆ ಕೇಳಿದರು. "ಬ್ಯಾಟರಿ ಎಷ್ಟೊತ್ತ ಬರತೈತ್ರಿ?"

ಉತ್ತರ ಕೇಳಿ ಒಂದೊಂದನ್ನೇ ಹಿಂದಕ್ಕೆ ಸರಿಸಿದರು. ಕೊನೆಗೆ ನನ್ನ ಮೇಲೆ ಕಣ್ಣು ಬಿತ್ತು.

"ಅದು ದಿನಪೂರ್ತಿ ಬರತೈತಿ. ಆದ್ರ ಚಿತ್ರ ಅಷ್ಟ ಚಂದ ಬರಂಗಿಲ್ರಿ ಮೇಡಂ."

"ಚಂದ ತಗೊಂಡು ಏನ್ ಮಾಡ್ಲಿ? ಮನಿ ಮುಟ್ಟೂತನಾ ಕಣ್ಣ ತೆರಕೊಂಡಿದ್ರ ಸಾಕು."

ಯಾರಿಗೂ ಬೇಡವಾಗಿದ್ದವನಿಗೆ ಆ ಮಾತು ಎಷ್ಟು ಹಿತವಾಯಿತೆಂದು ಹೇಗೆ ಹೇಳಲಿ. ಇವರಿಗಾಗಿ ಒಂದು ಕ್ಷಣವೂ ರೆಪ್ಪೆ ಬಡಿಯಬಾರದು ಅಂದುಕೊಂಡೆ.

ನನ್ನ ಕೆಲಸ ಚೆನ್ನಾಗಿ ನಡೆಯಿತು. ಮುನ್ನುಗ್ಗಿದ ಆಟೋ, ಉಜ್ಜಿಕೊಂಡು ಹೋದ ಬಸ್ಸು, ನೋಡದೆ ಬಾಗಿಲು ತೆಗೆದ ಕಾರು, ಎಲ್ಲವನ್ನೂ ಹಿಡಿದೆ. ನೀಲಾಂಬಿಕಾ ಅಕ್ಕ ಅವುಗಳನ್ನು ಸೈಕಲ್ ಗೆಳೆಯರ ಮೊಬೈಲ್ ಗುಂಪಿಗೆ ಹಾಕುತ್ತಿದ್ದರು. ಅಲ್ಲಿಂದ ಅವು ಊರೆಲ್ಲ ತಿರುಗುತ್ತಿದ್ದವು. ಜನ ಅವರನ್ನು ಕ್ಯಾಮೆರಾ ಅಕ್ಕ ಎಂದು ಕರೆಯತೊಡಗಿದರು. ನನಗೂ ಒಳಗೊಳಗೇ ಜಂಬ ಬಂತು.

ಒಮ್ಮೆ ನನ್ನ ಕಣ್ಣಿಗೆ ಸಿಕ್ಕಿಬಿದ್ದಿದ್ದ ಟೆಂಪೋ ಓಡಿಸುವವನೊಬ್ಬ ಅಂಗಡಿಗೆ ಬಂದು ಕೈಮುಗಿದು ನಿಂತ.

"ಆ ವಿಡಿಯೋ ತಗದಬಿಡ್ರಿ ಅಕ್ಕಾರ. ತಪ್ಪ ನಂದ ಐತಿ. ಆದ್ರ ಸಾಲ್ಯಾಗ ನನ್ನ ಮಗಳನ್ನ ಹುಡುಗೋರು ಆಡಕೊಂಡ ನಗಾಕತ್ತಾರ."

"ಗಾಡಿ ಓಡಸೂಮುಂದ ಮಗಳ ನೆನಪ ಇರಬೇಕಿತ್ತು" ಎಂದು ಅಕ್ಕ ಮಾತ್ರೆ ಎಣಿಸುವುದನ್ನು ಮುಂದುವರಿಸಿದರು. ಅವನು ಹೊರಟುಹೋದ. ಅಂದು ನನಗೆ ಏನೂ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ.

ಅದೊಂದು ಭಾನುವಾರ ಸಿಂದಗಿ ರಸ್ತೆಯಲ್ಲಿ ಊರಿಗೆ ಮರಳುತ್ತಿದ್ದೆವು. ಬಿಸಿಲು ಇಳಿದಿತ್ತು. ಅಕ್ಕ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೆಳತಿಯ ಜೊತೆ ಮಾತಾಡುತ್ತಿದ್ದರು. "ರಸ್ತೆ ಮ್ಯಾಲೆ ಲಕ್ಷ್ಯ ಇಡೂ ಮಂದೀನೇ ಉಳದಿಲ್ಲ ನೋಡು" ಅನ್ನುತ್ತಿದ್ದರು. ಎಡಕ್ಕೆ ತಗ್ಗುಗಳಿದ್ದವು. ಅವನ್ನು ತಪ್ಪಿಸುತ್ತಾ ಸೈಕಲ್ ಬಲಕ್ಕೆ ಸರಿಯಿತು, ಇನ್ನಷ್ಟು ಸರಿಯಿತು. ಎದುರಿನಿಂದ ಮುದುಕರೊಬ್ಬರು ಸೈಕಲ್ ತುಳಿಯುತ್ತಾ ತಮ್ಮ ಅಂಚಿನಲ್ಲಿ ತಾವು ಬರುತ್ತಿದ್ದರು. ಸೈಕಲ್ಲಿನ ಮುಂದೆ ಚಾಕು, ಕತ್ತರಿಗೆ ಸಾಣೆ ಹಿಡಿಯುವ ಕಲ್ಲಿನ ಗಾಲಿ ಇತ್ತು. ಅವರು ಬೆಲ್ ಬಾರಿಸಿದರು. "ಅಕ್ಕಾ, ಅಕ್ಕಾ" ಎಂದು ಕೂಗಿದರು. ನನಗೆ ಕೇಳಿಸಿತು. ಅಕ್ಕನಿಗೆ ಕೇಳಿಸಲಿಲ್ಲ. ಮುದುಕರು ಡಾಂಬರು ಬಿಟ್ಟು ಮಣ್ಣಿಗಿಳಿದರು. ಅಲ್ಲಿಗೂ ಹೋಗಿ ಅವರಿಗೆ ಬಡಿದೆವು.

ಮುದುಕರ ಕೈ ಮಣಿಕಟ್ಟಿನಲ್ಲಿ ತಿರುಚಿತ್ತು. ಸಾಣೆಕಲ್ಲು ಒಡೆದಿತ್ತು. ಅಕ್ಕನಿಗೆ ಮೊಣಕಾಲು ತರಚಿತ್ತು, ಅಷ್ಟೇ. ಜನ ಸೇರಿದರು.

"ನೋಡಿ ಬರಬಾರದೇನ್ರಿ ಕಾಕಾ? ಒಮ್ಮಿಗೇ ಅಡ್ಡ ಬಂದ್ರಲ್ಲ" ಎಂದರು ಅಕ್ಕ. ಆಮೇಲೆ ನನ್ನತ್ತ ಕೈ ತೋರಿಸಿದರು. "ಎಲ್ಲಾ ಇದರಾಗ ಐತಿ."

ಅವರು ಸುಳ್ಳು ಹೇಳಲಿಲ್ಲ. ನಿಜಕ್ಕೂ ಹಾಗೆಯೇ ನಂಬಿದ್ದರು. ಆದರೆ ನಾನು ಕಂಡಿದ್ದೆ. ಮುದುಕರು ನನ್ನ ಕೆಂಪು ದೀಪವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

"ತಪ್ಪಾತ್ರಿ ಅಕ್ಕಾರ. ನನ್ನ ಕಣ್ಣಿಗೆ ವಯಸ್ಸಾಗೇತಿ. ಮೊಬೈಲಿನ್ಯಾಗ ನನ್ನ ಮಾರಿ ತೋರಸಬ್ಯಾಡ್ರಿ."

ನಾಚಿಕೆ ಎಂದರೇನೆಂದು ನನಗೆ ಆಗ ತಿಳಿಯಿತು. ಬಾಯಿ ಇಲ್ಲದವನ ಮೇಲೆ ಆಣೆಯಿಟ್ಟರೆ ಹೇಗಿರುತ್ತದೋ ಹಾಗೆ. ಅಕ್ಕ ಮುದುಕರನ್ನು ಆಟೋ ಹತ್ತಿಸಿ ದವಾಖಾನೆಗೆ ಕರೆದೊಯ್ದು ಕೈಗೆ ಪಟ್ಟಿ ಕಟ್ಟಿಸಿದರು. ನೋಡಿದವರೆಲ್ಲ ದೊಡ್ಡ ಮನಸ್ಸು ಅಂದರು.

ಮರುದಿನ ಬೆಳಿಗ್ಗೆ ಗಂಡ ಗುರುಪಾದರಿಗೆ ತೋರಿಸೋಣವೆಂದು ನನ್ನಿಂದ ಚಿತ್ರ ತೆಗೆದರು. ಇಬ್ಬರೂ ಚಹಾ ಹಿಡಿದು ಕೂತು ನೋಡಿದರು. ಗೆಳತಿಯ ಜೊತೆಗಿನ ಮಾತು ಬಂತು. ಬೆಲ್ ಬಂತು. ಅಕ್ಕಾ, ಅಕ್ಕಾ ಎಂಬ ಕೂಗು ಬಂತು. ಅಕ್ಕ ಲೋಟ ಕೆಳಗಿಟ್ಟರು. ಇನ್ನೊಮ್ಮೆ ಹಾಕಿ ನೋಡಿದರು.

"ಅಳಿಸಿಬಿಡು" ಎಂದರು ಗುರುಪಾದ. "ಅಂವನೇ ತಪ್ಪಾತು ಅಂದಾನ. ಮುಗೀತಲ್ಲ."

ಅಕ್ಕ ಅಳಿಸಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ. ಮುಂದಿನ ಭಾನುವಾರಗಳಲ್ಲಿ ನಾವು ಬೇರೆ ರಸ್ತೆ ಹಿಡಿದೆವು. ಗುಂಪಿಗೆ ವಿಡಿಯೋ ಹಾಕುವುದು ನಿಂತಿತು.

ಒಂದು ದಿನ ಮುದುಕರ ಮಗ ದಸ್ತಗೀರ ನೋವಿನ ಮುಲಾಮು ಕೊಳ್ಳಲು ಅಂಗಡಿಗೆ ಬಂದ. ಅಪ್ಪ ಲಾಲಸಾಬರನ್ನು ದವಾಖಾನೆಗೆ ಒಯ್ದದ್ದಕ್ಕೆ ಕೈಮುಗಿದ.

"ಈಗ ಹೆಂಗದಾರ?" ಎಂದು ಅಕ್ಕ ಕೇಳಿದರು.

"ಕೈ ಆರಾಮ ಆಗೇತ್ರಿ. ಆದ್ರ ಸೈಕಲ್ಲಿಗೆ ನಾ ಕೀಲಿ ಹಾಕೀನಿ. ಕಣ್ಣ ಕಾಣಂಗಿಲ್ಲ ಅಂದಮ್ಯಾಲೆ ರಸ್ತೆಗೆ ಹೆಂಗ ಬಿಡೂದ್ರಿ? ಮುಂಜಾನಿಂದ ಸಂಜಿತನಕ ಮೂಲ್ಯಾಗ ಕುಂತಿರ್ತಾನ. ತನ್ನ ಅಂಗೈ ಕಣ್ಣಮುಂದ ಹಿಡಕೊಂಡು ನೋಡಕೋತಿರ್ತಾನ."

ಅಕ್ಕನ ಕೈಯಲ್ಲಿದ್ದ ಮುಲಾಮು ಹಾಗೇ ಉಳಿಯಿತು. ಅಂಗಡಿಯ ಬಾಗಿಲು ಎಳೆದು, "ನಡೀರಿ, ನಾನೂ ಬರತೀನಿ" ಅಂದರು. ನನ್ನನ್ನೂ ಕೈಗೆತ್ತಿಕೊಂಡರು.

ಲಾಲಸಾಬರ ಮನೆಯಂಗಳದಲ್ಲಿ ನೆರೆಯವರು ಮೂರ್ನಾಲ್ಕು ಮಂದಿ ಇದ್ದರು. ಅವರೆಲ್ಲ ಹೋಗಲೆಂದು ಅಕ್ಕ ಕಾಯಲಿಲ್ಲ. ಮೊಬೈಲಿನಲ್ಲಿ ಆ ವಿಡಿಯೋ ಹಾಕಿ, ದನಿ ಜೋರು ಮಾಡಿ ಎಲ್ಲರ ಮುಂದೆ ಹಿಡಿದರು. ತಮ್ಮ ಮಾತು ಬಂದಾಗ ಅವರ ಮುಖ ಕೆಂಪಾಯಿತು. ಆದರೂ ನಿಲ್ಲಿಸಲಿಲ್ಲ.

"ನೀವು ನಿಮ್ಮ ಬಾಜೂಕ ಇದ್ರಿ ಕಾಕಾ. ನಾನೇ ಬಂದು ಬಡದೆ. ಇದನ್ನ ನೋಡಿ ಭಾಳ ದಿನ ಆತು. ಬರಾಕ ನಾಚಿಕಿ ಆತು."

ಲಾಲಸಾಬರು ಮಗನ ಕಡೆ ತಿರುಗಿದರು.

"ನೋಡ್ದಿ? ನನಗ ಅಕ್ಕ ಬರೂದು ಕಂಡಿತ್ತು. ನಿನಗ ಕಂಡಿಲ್ಲ ಅಂತ ಎಲ್ಲಾರೂ ಅಂದ್ರು, ನಾನೂ ಹಂಗ ತಿಳಕೊಂಡೆ."

ಅವರ ಕಣ್ಣಲ್ಲಿ ನೀರಿತ್ತು. ಅಕ್ಕನನ್ನು ಅವರು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ದಸ್ತಗೀರ ಒಳಗೆ ಹೋಗಿ ಕೀಲಿ ತಂದು ಅಪ್ಪನ ಮಡಿಲಲ್ಲಿಟ್ಟ. ಅವನೂ ತಲೆ ಎತ್ತಲಿಲ್ಲ.

ಅಂದೇ ಅಕ್ಕ ಆ ವಿಡಿಯೋವನ್ನು ಗುಂಪಿಗೆ ಹಾಕಿದರು. ಲಾಲಸಾಬರ ಮುಖ ಮರೆಮಾಡಿದ್ದರು, ತಮ್ಮ ಹೆಸರು ಬರೆದಿದ್ದರು. ಕೆಲವರು ಹೊಗಳಿದರು. ಬಹಳಷ್ಟು ಜನ ನಕ್ಕರು. ಊರೆಲ್ಲ ತಿರುಗಿ ಅದು ಗಿರಾಕಿಗಳ ಬಾಯಿಂದ ಅಂಗಡಿಗೇ ಮರಳಿ ಬಂತು. ಅಕ್ಕ ಟೆಂಪೋದವನ ಮನೆ ಹುಡುಕಿಕೊಂಡು ಹೋದರು. ಅವನು ಬಾಗಿಲಲ್ಲೇ ನಿಂತು, "ಆತು ಬಿಡ್ರಿ, ಮಗಳ ಸಾಲಿ ಬದಲಿ ಮಾಡೀನಿ" ಎಂದು ಒಳಗೆ ಹೋದನಂತೆ. ಅದನ್ನು ಅಕ್ಕ ಗುರುಪಾದರಿಗೆ ಹೇಳುವಾಗ ಕೇಳಿಸಿಕೊಂಡೆ. ಸರಿಪಡಿಸಲಾಗದ್ದೂ ಇರುತ್ತದೆ.

ಲಾಲಸಾಬರಿಗೆ ಹೊಸ ಸಾಣೆಕಲ್ಲು ಅಕ್ಕನೇ ತರಿಸಿಕೊಟ್ಟರು. ನನಗೀಗ ವಯಸ್ಸಾಗಿದೆ. ಬ್ಯಾಟರಿ ಉಬ್ಬಿದೆ, ಅರ್ಧ ದಾರಿಗೂ ಬಾಳದು. ಅಂಗಡಿಯ ಕೆಳಗಿನ ಖಾನೆಯಲ್ಲಿ ಅವಧಿ ಮುಗಿದ ಔಷಧಗಳ ಪಕ್ಕ ಮಲಗಿದ್ದೇನೆ. ನಾನು ತೋರಿಸಿದ್ದೆಲ್ಲ ನಿಜವೇ. ಆದರೂ ಆ ನಿಜಗಳನ್ನು ಹೊತ್ತು ಮೆರೆದೆನಲ್ಲ ಎಂದು ನೆನೆದಾಗ ನಾಚಿಕೆಯಾಗುತ್ತದೆ. ತಪ್ಪು ಎಂದೂ ಎದುರಿನಿಂದಲೇ ಬರುತ್ತದೆ ಎಂದು ತಿಳಿದಿದ್ದೆ. ನನಗಿರುವುದು ಒಂದೇ ಕಣ್ಣು, ಅದೂ ಮುಂದಕ್ಕೆ ಮಾತ್ರ ನೋಡುವುದು.

ನಿನ್ನೆ ಬೀದಿಯಲ್ಲಿ ಸಾಣೆಯವರ ಕೂಗು ಕೇಳಿಸಿತು. ಅಕ್ಕ ಕತ್ತರಿ ಹಿಡಿದು ಹೊರಗೆ ಹೋದರು. ಕಲ್ಲು ತಿರುಗುವ ಸದ್ದು ಸ್ವಲ್ಪ ಹೊತ್ತು ಬಂತು.

"ಸೈಕಲ್ ಬಿಟ್ರೇನ್ರಿ ಅಕ್ಕಾರ?" ಎಂದರು ಲಾಲಸಾಬರು. "ನಮ್ಮ ರಸ್ತ್ಯಾಗ ಕಾಣಂಗೇ ಇಲ್ಲ."

ಅಕ್ಕ ಚಿಲ್ಲರೆ ಎಣಿಸಿ ಕೊಟ್ಟ ಸದ್ದಾಯಿತು.

"ನಾಳಿ ಬರತೀನ್ರಿ ಕಾಕಾ" ಎಂದರು ಕೊನೆಗೆ.

ಇವತ್ತು ಭಾನುವಾರ. ಅಂಗಡಿ ಮುಚ್ಚಿದೆ. ಅವರು ಸಿಂದಗಿ ರಸ್ತೆಗೆ ಹೋದರೋ ಇಲ್ಲವೋ ನನಗೆ ತಿಳಿಯದು.