ಓರೆ ಡ್ರೈವ್

ನಾಳೆ ನಾಲ್ಕು ಗಂಟೆಯೊಳಗೆ ಅಕ್ಕ ತನ್ನ ಪಿಎಚ್‌ಡಿ ಪ್ರಬಂಧವನ್ನು ವಿಶ್ವವಿದ್ಯಾಲಯದ ಕಚೇರಿಗೆ ಒಪ್ಪಿಸಬೇಕಿತ್ತು. ಮಣ್ಣಿನ ತೇವದ ಮೇಲೆ ಆರು ವರ್ಷದ ಕೆಲಸ. ಗಡುವು ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಮೂರನೆಯ ಸಲ ಸಾಧ್ಯವೇ ಇಲ್ಲವೆಂದು ಗುಮಾಸ್ತ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದ. ಹೋದ ತಿಂಗಳು ಹಾರ್ಡ್‌ಡಿಸ್ಕ್ ಸತ್ತ ಮೇಲೆ ಪ್ರಬಂಧ ಉಳಿದಿದ್ದದ್ದು ಹನ್ನೊಂದು ಫ್ಲಾಪಿಗಳಲ್ಲಿ ಮಾತ್ರ.

ಅವನ್ನು ಓದುವ ಡ್ರೈವ್ ಒಂದು ವಾರದಿಂದ ಗರಗರ ಎನ್ನುತ್ತಿತ್ತು. ಗರಗರ ಎಂದಾಗಲೆಲ್ಲ ಅಕ್ಕ ಉಗುರು ಕಚ್ಚುತ್ತಿದ್ದಳು. ಪ್ರಿಂಟ್ ತೆಗೆಯುವ ಮಧ್ಯೆ ಅದು ಕೈಕೊಟ್ಟರೆ ಏನು ಗತಿ? ಬೆಳಿಗ್ಗೆ ನಾನೇ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

"ನೋಡಿ ತಗೋ. ಯಾವ್ದೋ ಒಂದನ್ನ ಹಿಡ್ಕೊಂಡ್ ಬಂದ್ಬಿಡ್ಬೇಡ," ಎಂದಳು ಅಕ್ಕ.

"ನಿನ್ ಥರ ಆರು ವರ್ಷ ನೋಡ್ತಾ ಕೂರಲ್ಲ ಬಿಡು."

ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿಯವನನ್ನು ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವನು ಮೇಜಿನ ಮೇಲೆ ಎರಡು ಡ್ರೈವ್ ಇಟ್ಟ. ಒಂದು ಹಳೆಯ ಯಂತ್ರದಿಂದ ಬಿಚ್ಚಿದ್ದು, ಇನ್ನೊಂದು ಪೆಟ್ಟಿಗೆಯೇ ಒಡೆಯದ ಹೊಸದು.

ನಾನು ಸುಮ್ಮನೆ ನಂಬುವವಳಲ್ಲ. ಹೊಸ ಖಾಲಿ ಫ್ಲಾಪಿಯೊಂದನ್ನು ತಂದಿದ್ದೆ. ಒಂದರಲ್ಲಿ ಬರೆಸಿ ಇನ್ನೊಂದರಲ್ಲಿ ಓದಿಸಿದೆ. ಅದಲುಬದಲು ಮಾಡಿಸಿದೆ. ಹತ್ತು ಸಲ ಹಾಕಿ ತೆಗೆಸಿದೆ. ಕಿವಿಯಿಟ್ಟು ಕೇಳಿದೆ.

"ಡ್ರೈವ್ ತಗೋತಿದೀಯೋ, ಗಂಡು ನೋಡ್ತಿದೀಯೋ ತಂಗಿ?"

"ಗಂಡಾಗಿದ್ರೆ ಇಷ್ಟ್ ನೋಡ್ತಿರ್ಲಿಲ್ಲ ಡಾಕ್ಟ್ರೇ."

ಹೊಸದನ್ನೇ ಆರಿಸಿದೆ. ಚೀಲದಲ್ಲಿದ್ದ ನಮ್ಮ ಹಳೆಯ ಡ್ರೈವ್ ಬೇಡ, ನೀವೇ ಇಟ್ಟುಕೊಳ್ಳಿ ಎಂದು ಅಲ್ಲೇ ಬಿಟ್ಟು ಬಂದೆ.

ಮನೆಯಲ್ಲಿ ಡ್ರೈವ್ ಕೂರಿಸಿ ಅಕ್ಕನ ಮೊದಲ ಫ್ಲಾಪಿ ಹಾಕಿದೆ. ಸದ್ದೇ ಇಲ್ಲ, ಬೆಣ್ಣೆಯಂತೆ ಓಡಿತು. ಆಮೇಲೆ ಪರದೆಯ ಮೇಲೆ ಬಂತು: ಈ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿಲ್ಲ, ಈಗ ಮಾಡಲೇ?

ಎರಡನೆಯದು. ಮೂರನೆಯದು. ಹನ್ನೊಂದಕ್ಕೂ ಅದೇ ಪ್ರಶ್ನೆ. ನನ್ನ ಖಾಲಿ ಫ್ಲಾಪಿಯನ್ನು ಮಾತ್ರ ಥಟ್ಟನೆ ಓದಿತು.

ಅಕ್ಕ ಫ್ಲಾಪಿಗಳನ್ನು ಜೋಡಿಸಿದಳು, ಕೆಡಿಸಿದಳು, ಮತ್ತೆ ಜೋಡಿಸಿದಳು. ಎದ್ದು ಕಿಟಕಿಯವರೆಗೆ ಹೋಗಿ ಬಂದಳು.

"ಇವುಗಳಲ್ಲಿ ಒಂದನ್ನಾದ್ರೂ ಅಂಗಡೀಲಿ ಹಾಕಿ ನೋಡಿದ್ಯಾ?"

"ಬೀದಿ ಧೂಳಿಗೆ ಏನಾದ್ರೂ ಆದ್ರೆ ಅಂತ..."

"ಜಾಣೆ," ಎಂದು ಫ್ಲಾಪಿಗಳನ್ನು ಚೀಲಕ್ಕೆ ತುಂಬಿ ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಡಾಕ್ಟರ್ ಒಂದೇ ಮಾತಿನಲ್ಲಿ ರೋಗ ಹೇಳಿದ. "ನಿಮ್ ಹಳೇ ಡ್ರೈವಿಂದು ಓದಿ ಬರೆಯೋ ಹೆಡ್ ಓರೆ ಆಗಿತ್ತಮ್ಮ. ಅದು ಓರೆಯಾಗೇ ಬರೀತು, ಓರೆಯಾಗೇ ಓದ್ತು. ಬರೆದೋನ್ಗೂ ಓದೋನ್ಗೂ ಒಂದೇ ಮೆಳ್ಳೆಗಣ್ಣು, ಅದಕ್ಕೇ ಗೊತ್ತಾಗ್ಲಿಲ್ಲ. ನೆಟ್ಟಗಿರೋ ಡ್ರೈವ್‌ಗೆ ಅದರ ಅಕ್ಷರ ಹತ್ತಲ್ಲ."

"ಹಾಗಾದ್ರೆ ಹಳೇದನ್ನ ಕೊಡಿ," ಎಂದೆ.

ಅವನು ಹೆಮ್ಮೆಯಿಂದ ಒಳಗಿಂದ ತಂದ. ಒರೆಸಿ, ಎಣ್ಣೆ ಬಿಟ್ಟು, ಫಳಫಳ ಹೊಳೆಯುವಂತೆ ಮಾಡಿದ್ದ. "ಸುಮ್ನೆ ಯಾಕೆ ಬಿಸಾಕೋದು ಅಂತ ಹೆಡ್ ನೆಟ್ಟಗೆ ಮಾಡಿದೆ. ಈಗ ಗರಗರ ಇಲ್ವೇ ಇಲ್ಲ!"

ಅಕ್ಕ ಸ್ಟೂಲ್ ಎಳೆದುಕೊಂಡು ಕೂತಳು. "ನಾನು ಡಾಕ್ಟರ್ ಆಗೋಕೆ ಆರು ವರ್ಷ ತಗೊಂಡೆ. ನೀವು ಒಂದೇ ಬೆಳಿಗ್ಗೇಲಿ ಮುಗಿಸಿಬಿಟ್ರಲ್ಲ."

ಅವನ ಮುಖ ಇಳಿಯಿತು. ಸ್ಕ್ರೂಡ್ರೈವರ್ ಎತ್ತಿಕೊಂಡ. "ನೆಟ್ಟಗೆ ಮಾಡಿದೋನು ಓರೆ ಮಾಡಕ್ಕಾಗಲ್ವಾ? ಫ್ಲಾಪಿ ಕೊಡಿ."

ಹೆಡ್ಡನ್ನು ಸರಿಸುವ ಮೋಟಾರಿನ ಎರಡು ಸ್ಕ್ರೂ ಸಡಿಲಿಸಿ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಫ್ಲಾಪಿ ಹಾಕು. ಫಾರ್ಮ್ಯಾಟ್ ಮಾಡಲೇ? ಬೇಡ. ಮತ್ತೆ ತಿರುಗಿಸು. ಒತ್ತಿದರೆ ಇದ್ದದ್ದೆಲ್ಲ ಅಳಿಸಿಹೋಗುವ 'ಹೌದು' ಎಂಬ ಕೀಲಿಯ ಹತ್ತಿರ ಅವನ ಬೆರಳು ಹೋದಾಗಲೆಲ್ಲ ಅಕ್ಕನ ಕೈ ಮುಂದೆ ಬರುತ್ತಿತ್ತು. ಕೊನೆಗೆ ಕೀಲಿಮಣೆಯನ್ನೇ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದೆ.

"ಒಂದ್ ಕಡೆ ನಿಂತ್ಕೋತೀಯಾ?" ಅಕ್ಕ ಗದರಿದಳು.

ಮೂರೂಕಾಲಿಗೆ ಡ್ರೈವ್ ಗರ್ ಎಂದಿತು. ಆ ಸದ್ದು ಇಷ್ಟು ಹಿತವಾಗಿ ಯಾವತ್ತೂ ಕೇಳಿಸಿರಲಿಲ್ಲ. ಪರದೆಯ ಮೇಲೆ ಕಡತಗಳ ಹೆಸರು ಇಳಿದವು: ಅಧ್ಯಾಯ ಒಂದು, ಕೋಷ್ಟಕ ಒಂದು, ಕೋಷ್ಟಕ ಎರಡು.

"ಕೈ ಮುಟ್ಟಿಸ್ಬೇಡಿ!" ಇಬ್ಬರೂ ಒಟ್ಟಿಗೆ ಚೀರಿದೆವು.

ಒಂದೊಂದನ್ನೂ ಓರೆ ಡ್ರೈವಿನಲ್ಲಿ ಓದಿಸಿ, ಅಂಗಡಿಯ ಯಂತ್ರದಲ್ಲಿದ್ದ ನೆಟ್ಟಗಿನ ಡ್ರೈವಿನಿಂದ ಹೊಸ ಫ್ಲಾಪಿಗೆ ಬರೆಸಿದೆವು. ಹತ್ತು ಬಂದವು. ಏಳನೆಯದು ಬರಲಿಲ್ಲ. ನಾಲ್ಕನೆಯ ಅಧ್ಯಾಯದ ಕೋಷ್ಟಕಗಳು ಅದರಲ್ಲಿದ್ದವು. ಡಾಕ್ಟರ್ ಇನ್ನೊಂದು ಎಳೆ ತಿರುಗಿಸಿದ, ಮತ್ತೊಂದು. ಐದು ಗಂಟೆಯಾಯಿತು.

"ಸಾಕು," ಎಂದಳು ಅಕ್ಕ. "ಹೊಲದಲ್ಲಿ ಬರ್ಕೊಂಡ ನೋಟ್‌ಬುಕ್ಕಲ್ಲಿ ಅಂಕಿ ಎಲ್ಲ ಇದೆ. ಮತ್ತೆ ಟೈಪ್ ಹೊಡೀತೀನಿ."

"ಮುನ್ನೂರು ಸಾಲು ಅಕ್ಕ."

"ಓದೋಳು ಯಾರು ಅಂದ್ಕೊಂಡೆ?"

ಮನೆಗೆ ಬಂದು ಕೂತೆವು. ನೋಟ್‌ಬುಕ್ಕಿನ ತುಂಬ ಕೆಸರಿನ ಬೆರಳ ಗುರುತು; ಏಳು ಯಾವುದು, ಒಂದು ಯಾವುದು ತಿಳಿಯದಂಥ ಕೈಬರಹ. ತಪ್ಪು ಓದಿದೆ. ಬೈಸಿಕೊಂಡೆ. ಮತ್ತೆ ಓದಿದೆ. ಹತ್ತು ಸಾಲಿಗೊಮ್ಮೆ ಅಕ್ಕ ಉಳಿಸಿ, ಫ್ಲಾಪಿ ಹೊರಗೆಳೆದು, ಮತ್ತೆ ಹಾಕಿ, ತೆರೆದು ನೋಡುತ್ತಿದ್ದಳು. ಹೊಸ ಡ್ರೈವ್ ಸದ್ದಿಲ್ಲದೆ ಓಡುತ್ತಿತ್ತು. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಇಬ್ಬರೂ ಅದರ ಹಸಿರು ದೀಪವನ್ನೇ ನೋಡುತ್ತಿದ್ದೆವು.

"ಮುಂದೆ," ಎಂದಳು.

"ಹದಿನೇಳು ಪಾಯಿಂಟ್ ಒಂದು. ಅಥವಾ ಪಾಯಿಂಟ್ ಏಳು."

"ಸರಿಯಾಗಿ ನೋಡಿ ಹೇಳೇ!"

ನಾನು ನೋಟ್‌ಬುಕ್ಕನ್ನು ದೀಪದ ಹತ್ತಿರ ಹಿಡಿದೆ.