ರೇಣುಕಾಳ ಉತ್ತರಗಳು

"ರೇಣುಕಾ? ಯಾವ ರೇಣುಕಾರಿ?"

ಮೂರನೆಯ ಮನೆಯಲ್ಲೂ ಅದೇ ಪ್ರಶ್ನೆ. ಕೊಟ್ರೇಶ ಟ್ಯಾಬಿನ ಪರದೆಗೆ ಅಂಗೈ ಮರೆ ಮಾಡಿ ವಿಳಾಸವನ್ನು ಮತ್ತೊಮ್ಮೆ ಓದಿದ. ಕುಷ್ಟಗಿ, ಸಂತೆ ಬಯಲಿನ ಹಿಂದೆ, ನೀರಿನ ಟಾಕಿಯ ಎದುರಿನ ಓಣಿ. ಟಾಕಿ ಇತ್ತು. ಓಣಿಯೂ ಇತ್ತು. 'ನೆರೆಹೊರೆಯವರೊಂದಿಗೆ ಒಡನಾಟ' ಎಂಬ ಪ್ರಶ್ನೆಗೆ ತಿಂಗಳು ತಿಂಗಳೂ ಐದಕ್ಕೆ ಐದು ಅಂಕ ಕೊಡುತ್ತಿದ್ದ ರೇಣುಕಾ ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇಪ್ಪತ್ತೊಂದು ವರ್ಷದ ಹುಡುಗಿ. ಹೊಲಿಗಿ ಕೆಲಸ ಮಾಡ್ತಾಳ," ಎಂದ.

ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದ ಮುದುಕಿ ಮೊರ ನಿಲ್ಲಿಸಿದಳು. "ರೊಟ್ಟಿ ಪಾರಮ್ಮನ ಮನಿಯಾಗ ಒಂದು ಹುಡುಗಿ ಇತ್ತು ನೋಡ್ರಿ. ಅಕಿ ಅಕ್ಕನ ಮಗಳಂತ. ಈಗ ಕಾಣೂದಿಲ್ಲ."

"ಕೆಲಸಕ್ಕ ಹೋಗಿರಬೇಕು."

"ಇದ್ರೂ ಇರಬಹುದು," ಎಂದು ಮುದುಕಿ ಮತ್ತೆ ಕೇರತೊಡಗಿದಳು.

ಕೊಪ್ಪಳದ 'ಹೊಸ್ತಿಲು' ಸಂಸ್ಥೆಯ ಕೆಲಸವೆಂದರೆ ಹದಿನೆಂಟು ತುಂಬಿ ಬಾಲಮಂದಿರಗಳಿಂದ ಹೊರಬೀಳುವವರಿಗೆ ಒಂದು ಕಸುಬು ಕಲಿಸಿ, ಮೂರು ವರ್ಷ ಅವರ ಮೇಲೆ ಕಣ್ಣಿಡುವುದು. ಆ ಕಣ್ಣು ಕೊಟ್ರೇಶ. ಧಾರವಾಡದಲ್ಲಿ ಸಮಾಜಕಾರ್ಯ ಓದಿದವ. ಹುದ್ದೆಯ ಹೆಸರು 'ಪರಿಣಾಮ ಮತ್ತು ಕಲಿಕೆ ಅಧಿಕಾರಿ'. ಹೆಸರು ಕೇಳಿದವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ತಿಂಗಳಿಗೊಮ್ಮೆ ನಲವತ್ತೆರಡು ಜನರಿಗೆ ಫೋನು ಮಾಡಿ ಹನ್ನೊಂದು ಪ್ರಶ್ನೆಗಳನ್ನು ಕೇಳಬೇಕು. ಹೊಟ್ಟೆತುಂಬ ಉಣ್ಣುತ್ತೀಯಾ? ನಿದ್ದೆ ಬರುತ್ತದೆಯೇ? ಕಷ್ಟ ಬಂದರೆ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ? ಒಂದರಿಂದ ಐದರೊಳಗೆ ಅಂಕ ಹೇಳು.

ಉಳಿದವರು "ಏನರ ಹಾಕ್ಕೋರಿ ಸರ" ಎಂದು ಫೋನಿಡುತ್ತಿದ್ದರು. ರೇಣುಕಾ ಹಾಗಲ್ಲ. ಪ್ರತಿ ಪ್ರಶ್ನೆಯ ಮುಂದೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆಲ್ಲೋ ಹೋಗಿ ನೋಡಿ ಬಂದವಳಂತೆ ಉತ್ತರ ಕೊಡುತ್ತಿದ್ದಳು. "ಸಂಜಿ ದೀಪ ಹಚ್ಚೋ ಹೊತ್ತಿಗೆ ಯಾರರ ಮಾತಾಡಿಸಿದ್ರ ಜೀವಕ್ಕ ಛಲೋ ಅನಸತೈತ್ರಿ," ಎಂದಿದ್ದಳು ಒಮ್ಮೆ. ಸಂಸ್ಥೆ ಎಲ್ಲ ಕರೆಗಳನ್ನೂ ಸಂಜೆಗೆ ಬದಲಿಸಿತು. ಫೋನೆತ್ತದವರ ಸಂಖ್ಯೆ ಅರ್ಧಕ್ಕಿಳಿಯಿತು. ವಾರ್ಷಿಕ ವರದಿಯ 'ನಾವು ಕಲಿತದ್ದು' ಎಂಬ ಪುಟ ಪೂರ್ತಿ ಅವಳದೇ ಆಯಿತು. ಅದರಲ್ಲಿ ಅವಳ ಸರಾಸರಿ ಅಂಕಗಳ ಗೆರೆಯ ಚಿತ್ರವೂ ಇತ್ತು: ಮೊದಲ ಆರು ತಿಂಗಳು ಎರಡರ ಆಸುಪಾಸು ತೆವಳಿದ ಗೆರೆ ಏಳನೆಯ ತಿಂಗಳಲ್ಲಿ ಥಟ್ಟನೆ ನಾಲ್ಕರ ಮೇಲಕ್ಕೆ ನೆಗೆದಿತ್ತು. ನಿರ್ದೇಶಕಿ ಮಲ್ಲೇಶ್ವರಿ ಮೇಡಂ ಆ ನೆಗೆತದ ಮೇಲೆ ಬೆರಳಿಟ್ಟು, "ನಾವು ಇರೋದು ಇದಕ್ಕರಿ ಕೊಟ್ರೇಶ," ಎಂದಿದ್ದರು.

ಹೊಸದಾಗಿ ನೆರವು ಕೊಡುವವರು ಒಂದು ಷರತ್ತು ಹಾಕಿದ್ದರು. ಹತ್ತರಲ್ಲಿ ಒಬ್ಬರನ್ನು ಮುಖತಃ ಕಂಡು ಬರಬೇಕು. ಚೀಟಿ ಎತ್ತಿದಾಗ ರೇಣುಕಾಳ ಹೆಸರು ಬಂತು. ಕೊಟ್ರೇಶನಿಗೆ ಖುಷಿಯಾಯಿತು. ಬೆಳಿಗ್ಗೆ ಇಸ್ತ್ರಿ ಅಂಗಿ ತೊಡುವಾಗ ಆ ಖುಷಿಗೆ ನಾಚಿಕೆಯೂ ಆಯಿತು. ಅವನ ಹೆಂಡತಿಗೆ ಮುನಿರಾಬಾದಿನ ಶಾಲೆಯಲ್ಲಿ ಕೆಲಸ; ವಾಸವೂ ಅಲ್ಲೇ. ದಿನಕ್ಕೊಮ್ಮೆ ಅವರಿಬ್ಬರ ಮಾತು ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತಿತ್ತು. ಊಟ ಆತೇನು? ಮಲಗತೀಯೇನು? ಅದಕ್ಕೆ ಹೋಲಿಸಿದರೆ ಹನ್ನೊಂದು ದೊಡ್ಡ ಸಂಖ್ಯೆ.

ರೇಣುಕಾಳ ಮುಖ ಅವನಿಗೆ ನೆನಪಿರಲಿಲ್ಲ. ಮೂರು ವರ್ಷದ ಹಿಂದೆ ತರಬೇತಿಯಲ್ಲಿ ಗೋಡೆಗೆ ಒರಗಿ ಕೂತಿದ್ದ ಒಂದು ತೆಳ್ಳನೆಯ ಹುಡುಗಿ. ಬಾಯಿ ಬಿಟ್ಟದ್ದೇ ಅಪರೂಪ. ಎಷ್ಟು ನೆನೆದರೂ ಮುಖ ಬರಬೇಕಾದಲ್ಲಿ ಧ್ವನಿ ಬರುತ್ತಿತ್ತು.

ಪಾರಮ್ಮನ ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಪಟಪಟ ಸದ್ದು. ಕೊಟ್ರೇಶ ನಿಂತುಬಿಟ್ಟ. ಫೋನಿನಲ್ಲಿ ಅವಳ ಮಾತಿನ ಹಿಂದೆ ಕೇಳುತ್ತಿದ್ದ ಸದ್ದು ಇದೇ. 'ಹೊಲಿಗೆ ಯಂತ್ರದ ಸದ್ದು. ಕೆಲಸದಲ್ಲಿ ತೊಡಗಿದ್ದಾಳೆ' ಎಂದು ಎಷ್ಟೋ ಸಲ ಷರಾ ಬರೆದಿದ್ದ. ಇದು ರೊಟ್ಟಿ ಬಡಿಯುವ ಸದ್ದು.

"ಯಾರದೀರಿ ಮನಿಯಾಗ?" ಎಂದು ಕೂಗಿದ. ಸದ್ದು ನಿಲ್ಲಲಿಲ್ಲ. ಜೇಬಿನಿಂದ ಫೋನು ತೆಗೆದು ರೇಣುಕಾಳ ನಂಬರನ್ನು ಒತ್ತಿದ.

ಒಳಗೆ ಫೋನು ರಿಂಗಾಯಿತು. ಪಟಪಟ ನಿಂತಿತು. ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ, ನಲವತ್ತು ದಾಟಿದ ಹೆಂಗಸೊಬ್ಬಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

"ಹೇಳ್ರಿ ಸರ."

ಅದೇ ಧ್ವನಿ. ಎಳೆಯದು, ತುಸು ಅಂಜಿದ್ದು. ಮೊದಲು ಒಲೆಯ ಕಡೆಯಿಂದ ಬಂತು, ಅರೆಕ್ಷಣ ತಡೆದು ಕಿವಿಯೊಳಗೆ ಬಂತು.

ಕೊಟ್ರೇಶನ ಬಾಯಿ ರೂಢಿಯ ಮಾತನ್ನೇ ಆಡಿತು. "ಛಲೋ ಅದಿಯೇನವ್ವಾ ರೇಣುಕಾ?"

"ಛಲೋ ಅದೀನ್ರಿ ಸರ. ಇವತ್ತ್ಯಾಕ ಮಧ್ಯಾಹ್ನನ ಫೋನ್ ಮಾಡೀರಿ?"

ಕೇಳುತ್ತಲೇ ಅವಳು ಹಂಚಿನ ಮೇಲಿನ ರೊಟ್ಟಿ ತಿರುವಲು ಪಕ್ಕಕ್ಕೆ ಬಾಗಿದಳು. ಬಾಗಿಲಲ್ಲಿ ನಿಂತ ಗಂಡಸು ಕಂಡ. ಅವನ ಕಿವಿಯಲ್ಲಿದ್ದ ಫೋನೂ ಕಂಡಿತು. ಅವಳು ಫೋನಿಡಲಿಲ್ಲ. ಅವನೂ ಇಡಲಿಲ್ಲ. ಹತ್ತು ಹೆಜ್ಜೆಗಳ ಅಂತರದಲ್ಲಿ ಇಬ್ಬರ ಉಸಿರೂ ಎರಡೆರಡು ಸಲ ಕೇಳುತ್ತಿತ್ತು. ರೊಟ್ಟಿ ಸೀದ ವಾಸನೆ ಎದ್ದಿತು.

"ನಾನು ಬಾಗಲದಾಗ ನಿಂತೀನಿ," ಎಂದ ಕೊಟ್ರೇಶ, ಫೋನಿನಲ್ಲಿ.

"ಗೊತ್ತಾತ್ರಿ," ಎಂದಿತು ರೇಣುಕಾಳ ಧ್ವನಿ.

ಹೆಂಗಸು ಫೋನನ್ನು ಹಿಟ್ಟಿನ ಬುಟ್ಟಿಯ ಪಕ್ಕ ಇಟ್ಟಳು. ಮತ್ತೆ ಬಾಯಿ ತೆರೆದಾಗ ಬಂದದ್ದು ಬೇರೆ ಧ್ವನಿ. ಒಡಕು, ದಪ್ಪ, ಇಪ್ಪತ್ತು ವರ್ಷ ಹೆಚ್ಚಿನದು. "ಬರ್ರಿ ಒಳಗ. ಕುಂದರ್ರಿ. ನೀರು ಕುಡಿತೀರೇನು?"

ಅವನು ಕೂರಲಿಲ್ಲ. "ರೇಣುಕಾ ಎಲ್ಲಿ ಅದಾಳ, ಅಕ್ಕಾರ?"

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ?"

ಪಾರಮ್ಮ ಸೀದ ರೊಟ್ಟಿಯನ್ನು ಬದಿಗೆ ಹಾಕಿದಳು. "ಗಂಗಾವತಿಗೆ ಹೋಗಿ ಬರ್ತೀನಿ ಚಿಗವ್ವಾ ಅಂದ್ಲು. ಫೋನು ಚಾರ್ಜಿಗೆ ಹಚ್ಚಿತ್ತು. ಇರಲಿ, ಸಂಜಿಗೆ ಬರ್ತೀನಿ ಅಂತ ಬಿಟ್ಟು ಹೋದ್ಲು. ಎರಡು ವರ್ಷದ ಮ್ಯಾಲಾತು."

"ಪೊಲೀಸರಿಗೆ ಹೇಳಲಿಲ್ಲೇನು?"

"ಮೂರು ದಿನ ಕಾದ್ನಿ. ನಾಕನೇ ದಿನ ಹೋಗಬೇಕಂತ ಸೀರಿ ಉಟ್ಟಿದ್ನಿ. ಆವಾಗ ನೀವು ಫೋನ್ ಮಾಡಿದ್ರಿ. ಛಲೋ ಅದಿಯೇನವ್ವಾ ರೇಣುಕಾ ಅಂದ್ರಿ. ನನ್ನ ಬಾಯಾಗ ಹೂಂ ಅಂತ ಬಂತು." ಅವಳು ಅವನ ಮುಖ ನೋಡಿದಳು. "ಒಂದು ಸಲ ಹೂಂ ಅಂದ ಮ್ಯಾಲ, ಅಕಿ ಇಲ್ಲ ಅಂತ ಹೆಂಗ ಹೇಳೂದ್ರಿ?"

ಏಳನೆಯ ತಿಂಗಳು. ಗೆರೆ ನೆಗೆದ ಜಾಗ. ಅಲ್ಲಿ ಮೇಡಂ ಇಟ್ಟ ಬೆರಳು ಅವನ ಕಣ್ಣ ಮುಂದೆ ಬಂತು. ಅದರ ಬೆನ್ನಿಗೇ ನೆರವು ಕೊಡುವವರ ಜೊತೆಗಿನ ಗುರುವಾರದ ಸಭೆ ನೆನಪಾಯಿತು. ಹುಡುಗಿಯ ನೆನಪಾದದ್ದು ಆಮೇಲೆ. ಈ ಕ್ರಮವನ್ನು ಅವನು ಗಮನಿಸಿದ. ಗಮನಿಸಿದ್ದರಿಂದ ಏನೂ ಬದಲಾಗಲಿಲ್ಲ.

"ಇಷ್ಟು ದಿನ ನಮಗ ಸುಳ್ಳು ಹೇಳೀರಿ."

"ಸುಳ್ಳಲ್ರಿ." ಮೊದಲ ಸಲ ಅವಳ ಮಾತು ಬಿರುಸಾಯಿತು. "ನಿದ್ದಿ ಬರತೈತೇನು ಅಂತ ಕೇಳಿದ್ರಿ. ಹುಟ್ಟಿದಾಗಿಂದ ನನಗ ಯಾರೂ ಕೇಳಿದ್ದಿಲ್ಲ ಅದನ್ನ. ಮೂರು ಅಂದ್ನಿ. ಮುಂದ ನಾಕಾತು. ಖರೇನ ಆತ್ರಿ."

"ಅದು ನಿಮ್ಮ ನಿದ್ದಿನೋ, ಅಕಿದೋ?"

"ಮೊದಲ ಅಕಿದು ಅನ್ಕೊಂಡ ಹೇಳ್ತಿದ್ನಿ. ಎಲ್ಲೆ ಇದ್ರೂ ಉಂಡಿರಬೇಕು, ಮಲಗಿರಬೇಕು ಅಂತ. ಆಮ್ಯಾಲ..." ಅವಳು ಹಿಟ್ಟು ಮಿದಿಯತೊಡಗಿದಳು. "ಆಮ್ಯಾಲ ಯಾರದು ಅಂತ ಗೊತ್ತಾಗಲಿಲ್ರಿ."

"ನಾನು ಇದನ್ನ ಆಫೀಸಿಗೆ ಹೇಳಬೇಕು."

"ಹೇಳ್ರಿ."

ಅವಳು ಹಿಟ್ಟಿನ ಉಂಡೆಯೊಂದನ್ನು ಹರಿದು ಅಂಗೈಯಲ್ಲಿ ಉರುಳಿಸಿದಳು.

"ಹೇಳಿದ ಮ್ಯಾಲ ನೀವು ಫೋನ್ ಮಾಡೂದಿಲ್ಲಲ್ರಿ?"

ಅವನು ಸುತ್ತ ನೋಡಿದ. ಗೋಡೆಯ ಮೊಳೆಗೆ ಒಂದು ಹುಡುಗಿಯ ದುಪಟ್ಟಾ ತೂಗುತ್ತಿತ್ತು. ಒಗೆದು ಮಡಚಿದ ಗೆರೆಗಳು ಅದರ ಮೇಲೆ ಹೊಸದಾಗಿದ್ದವು.

"ಅಕಿದು ಫೋಟೋ ಐತೇನು?"

"ನಿಮ್ಮ ಆಫೀಸಿನ್ಯಾಗ ಐತಿ. ನನ್ನ ಹತ್ರ ಇಲ್ರಿ," ಎಂದಳು ಪಾರಮ್ಮ. ನಂತರ, ಮರೆತಿದ್ದನ್ನು ನೆನಪಿಸುವವಳಂತೆ, "ಈ ತಿಂಗಳದು ಇನ್ನೂ ಕೇಳಿಲ್ಲ ನೀವು."

ಹೊರಟುಬಿಡಬೇಕಿತ್ತು. ಠಾಣೆಗೆ ಹೋಗಬೇಕಿತ್ತು, ಇಲ್ಲವೇ ಬೈಯಬೇಕಿತ್ತು. ಕೊಟ್ರೇಶ ಗೋಣಿಚೀಲದ ಮೇಲೆ ಕೂತು ಟ್ಯಾಬು ತೆರೆದ. ಯಾಕೆಂದು ಅವನಿಗೇ ಹೊಳೆಯಲಿಲ್ಲ. ಪಾರಮ್ಮ ಕೈ ತೊಳೆದು ಬಂದು, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದಳು. ಅವಳ ತುಟಿಗಳು ತೆಳುವಾದವು. ಹೆಗಲು ಇಳಿದವು. ಆ ಭಂಗಿಯನ್ನು ಅವನು ತರಬೇತಿಯಲ್ಲಿ ಕಂಡಿದ್ದ.

"ಹೊಟ್ಟಿತುಂಬ ಉಣತೀಯೇನವ್ವಾ?"

ಮತ್ತೆ ಆ ಎಳೆಯ ಧ್ವನಿ. "ಉಣತೀನ್ರಿ ಸರ. ನಾಕು."

ಅವನು ಕೇಳಿದ, ಬರೆದುಕೊಂಡ. ಯಾವ ಉತ್ತರವೂ ತಡವರಿಸಲಿಲ್ಲ. ಹತ್ತನೆಯ ಪ್ರಶ್ನೆಗೆ ಮಾತ್ರ ಅವಳು ಕಣ್ಣು ತೆರೆದಳು.

"ಕಷ್ಟ ಬಂದ್ರ ಹೇಳ್ಕೊಳ್ಳಾಕ ಒಬ್ಬರರ ಅದಾರೇನು?"

"ನೀವು ಅದೀರಲ್ರಿ," ಎಂದಿತು ಧ್ವನಿ. "ಐದು."

ಅವನು ಐದು ಹಾಕಿದ.

ಕೊಪ್ಪಳದ ಬಸ್ಸು ಊರು ದಾಟುವಾಗ ಮಲ್ಲೇಶ್ವರಿ ಮೇಡಂ ಫೋನು ಬಂತು.

"ಸಿಕ್ಕಳೇನ್ರಿ?"

"ಮನಿ ಸಿಕ್ತು ಮೇಡಂ."

"ಹೆಂಗ ಅದಾಳ?"

"ಹನ್ನೊಂದೂ ಪ್ರಶ್ನೆ ಆದ್ವು. ಅಂಕ ಛಲೋ ಬಂದಾವ."

"ನನಗ ಗೊತ್ತಿತ್ತು. ಫೋಟೋ?"

"ಬೆಳಕು ಕಡಿಮಿ ಇತ್ರಿ."

ಮಧ್ಯಾಹ್ನದ ಬೆಳಕಿನ ಬಗ್ಗೆ ಅವರು ಏನೂ ಕೇಳಲಿಲ್ಲ. "ಗುರುವಾರ ಅಕಿ ಮಾತಿನಿಂದನ ಶುರು ಮಾಡೂಣ," ಎಂದು ಇಟ್ಟರು.

ನಮೂನೆಯ ಕೊನೆಯ ಸಾಲು ಉಳಿದಿತ್ತು. 'ಫಲಾನುಭವಿಯನ್ನು ಮುಖತಃ ಕಂಡಿದ್ದೇನೆ: ಹೌದು / ಇಲ್ಲ.' ಕೊಟ್ರೇಶ ಅದನ್ನು ಬಹಳ ಹೊತ್ತು ನೋಡಿದ. 'ಇಲ್ಲ' ಎಂದರೆ ಏನೇನಾಗುತ್ತದೆ ಎಂದು ಅಂದಾಜು ಮಾಡಿದ. ವಿಚಾರಣೆ ನಡೆಯುತ್ತದೆ. ಎರಡು ವರ್ಷ ಹಳೆಯ ಒಂದು ಬೆಳಿಗ್ಗೆಯನ್ನು ಗಂಗಾವತಿ ಬಸ್ ನಿಲ್ದಾಣದಲ್ಲಿ ಯಾರೋ ಹುಡುಕುತ್ತಾರೆ. ಆ ಹುಡುಗಿ ಬದುಕಿದ್ದರೆ, ಎಲ್ಲೋ ಒಂದು ಕಡೆ, ಯಾರೂ ತನ್ನನ್ನು ಹುಡುಕುತ್ತಿಲ್ಲ ಎಂಬುದಕ್ಕೆ ಈಗ ಒಗ್ಗಿರಬೇಕು. ಬದುಕಿಲ್ಲದಿದ್ದರೆ? ಆ ಯೋಚನೆ ಅಲ್ಲಿಗೇ ನಿಂತಿತು. ಅದನ್ನು ಮುಂದೆ ತಳ್ಳುವ ಶಕ್ತಿ ತನ್ನಲ್ಲಿಲ್ಲವೋ, ಮನಸ್ಸಿಲ್ಲವೋ, ಅವನು ಪರೀಕ್ಷಿಸಲು ಹೋಗಲಿಲ್ಲ.

ಬೆರಳು 'ಹೌದು' ಒತ್ತಿತು.

ನೆಟ್‌ವರ್ಕ್ ಇರಲಿಲ್ಲ. 'ಕಳುಹಿಸಲಾಗುತ್ತಿದೆ' ಎಂಬ ಅಕ್ಷರಗಳ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಪಕ್ಕದಲ್ಲೇ 'ರದ್ದುಮಾಡಿ' ಎಂದೂ ಇತ್ತು. ಅವನು ಎರಡನ್ನೂ ನೋಡುತ್ತ ಕೂತ.

ಕುರಿಮಂದೆ ರಸ್ತೆ ದಾಟುತ್ತಿತ್ತೆಂದು ಬಸ್ಸು ನಿಂತಿತು. ಹೊತ್ತು ಇಳಿಯುತ್ತಿತ್ತು. ಕಿಟಕಿಯಾಚೆ ದಾಳಿಂಬೆಯ ತೋಟ. ಹಣ್ಣು ಬಿಸಿಲಿಗೆ ಸುಡದಿರಲೆಂದು ಒಂದೊಂದು ಗಿಡಕ್ಕೂ ಹಳೆಯ ಸೀರೆ ಹೊದಿಸಿದ್ದರು. ಕೆಂಪು, ಹಸಿರು, ಮಾಸಿದ ನೀಲಿ. ಆಳೆತ್ತರದ ಸಾಲುಗಳು ರಸ್ತೆಯತ್ತ ತಿರುಗಿ, ಮುಖಗಳಿಲ್ಲದೆ, ಕಣ್ಣು ಹರಿಯುವವರೆಗೂ ನಿಂತಿದ್ದವು.

ಗಾಳಿ ಬೀಸಿತು. ಸೀರೆಗಳೆಲ್ಲ ಒಟ್ಟಿಗೇ ಉಬ್ಬಿ, ಅಂಚುಗಳು ಮೊಳಕಾಲೆತ್ತರಕ್ಕೆ ಎದ್ದವು. ಮುಂದಿನ ಸಾಲಿನಲ್ಲಿ ಗಿಡಗಳಿದ್ದವು. ಅದರ ಹಿಂದಿನ ಸಾಲಿನಲ್ಲಿ ಸೀರೆ ಸೀರೆಯ ಅಡಿಯಲ್ಲೂ ಗಿಡದ ಬದಲು ನಾಲ್ಕು ಗೂಟಗಳು, ನಡುವೆ ಗುಂಡಿ ತೋಡಿ ಮುಚ್ಚಿದ ಬರಿಯ ಮಣ್ಣು.

ಗಾಳಿ ನಿಂತಿತು. ಸೀರೆಗಳು ಕೆಳಗಿಳಿದು, ಒಂದರ ಪಕ್ಕ ಒಂದು, ಮತ್ತೆ ಮೈತುಂಬಿಕೊಂಡು ನಿಂತವು.