ಅಂಗೈಯಡಿಯ ಕಪ್ಪು

ಕಾರಿನ ಗಾಜಿನಾಚೆ ಏನೋ ಕಪ್ಪಗೆ ಹಾರಿತು, ಚಿಟ್ಟೆಯೋ ಹರಿದ ಪ್ಲಾಸ್ಟಿಕ್ಕೋ, ನಸೀಮಾ ಕತ್ತು ಹೊರಳಿಸುವಷ್ಟರಲ್ಲಿ ಸೌದಿಯ ಬೆಟ್ಟದೂರು ಅಭಾದ ಮಂಜು ಅದನ್ನು ನುಂಗಿತ್ತು, ಎಂತ ಮಾರಾಯ್ತಿ, ಪಾಸ್‌ಪೋರ್ಟ್ ಬ್ಯಾಗಲ್ಲಿ ಉಂಟಲ್ಲ, ಗಂಡ ನೌಶಾದ್ ಮತ್ತೆ ಕೇಳಿದ — ಉಂಟು, ಉಂಟು — ಮಗಳು ಹಿಬಾಳ ಟಿ.ಸಿ. ಉಂಟು, ಹಗ್ಗ ಬಿಗಿದ ಪೆಟ್ಟಿಗೆಗಳ ಮೇಲೆ ಉಪ್ಪಿನಂಗಡಿ ಎಂದು ಅವನು ದಪ್ಪಕ್ಕೆ ಬರೆದದ್ದೂ ಉಂಟು, ಹೆಂಡತಿ ಮಕ್ಕಳ ಮೇಲೂ ತೆರಿಗೆ ಬಿದ್ದ ಈ ವರ್ಷ ಗೊತ್ತಿದ್ದವರೆಲ್ಲ ಹೀಗೇ ಪೆಟ್ಟಿಗೆ ಕಟ್ಟಿದ್ದಾರೆ, ಇನ್ನು ಅವನೊಬ್ಬನೇ ಇಲ್ಲಿ, ಅದು ನೋವೇ, ಆದರೆ ಅವಳನ್ನು ಕಾಡುತ್ತಿರುವುದು ಬೇರೆ ಏನೋ, ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಮುನೀರಾ ಫೋನು ಮಾಡಿ ಪ್ರಬಂಧ ಸಂಜೆ ಪತ್ರಿಕೆಗೆ ಕಳಿಸಿಬಿಡಲೇ ಎಂದರು, ಯಲ್ಲಾ, ಆಗಲಿ, ಕಳಿಸಿ ಎಂದುಬಿಟ್ಟಳು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗ. ಕಾಲೇಜಿನ ಲ್ಯಾಬಿನಲ್ಲಿ ಎರಡು ವರ್ಷ ಅವಳು ಕಣ್ಣು ಬಾಡಿಸಿಕೊಂಡು ಓದಿದ್ದು ಈ ಬೆಟ್ಟದ ಚಿಟ್ಟೆಯ ಜೀನುಗಳನ್ನು, ಎಲ್ಲವೂ ಹಳದಿ ರೆಕ್ಕೆಯವು, ನಡುವೆ ಅಪರೂಪಕ್ಕೊಂದು ಕಪ್ಪು, ಎಲ್ಲಿಂದ ಬಂತು ಆ ಕಪ್ಪು? ಹಳದಿಗೂ ಕಪ್ಪಿಗೂ ಜೀನಿನಲ್ಲಿ ವ್ಯತ್ಯಾಸ ಏನೂ ಇಲ್ಲ ಎಂದು ಪ್ರಬಂಧ ಹೇಳುತ್ತದೆ, ಅವಳ ಹೆಸರಿನಡಿ. ಮೊದಲು ಕಂಡವಳು ಹಿಬಾ, ಜುನಿಪರ್ ಮರದಡಿ ಬಿರಿಯಾನಿ ಬಿಚ್ಚಿದ ಶುಕ್ರವಾರ, ಬಂಡೆಯ ಮೇಲೆ ಕೂತಿದ್ದ ಕಪ್ಪು ಚಿಟ್ಟೆಗೆ ಪುಟ್ಟ ಅಂಗೈ ಮುಚ್ಚಿ, ಮಮ್ಮೀ ಲುಕ್, ನೋ ಬಟರ್‌ಫ್ಲೈ!

ಹಿಂದಿನ ಸೀಟಿನಲ್ಲಿ ಹಿಬಾಳದ್ದು ಈಗಲೂ ಅದೇ ಆಟ, ಕಿಟಕಿಯ ಮೇಲಿನ ಕಲೆಯನ್ನು ಅಂಗೈಯಿಂದ ಮುಚ್ಚುತ್ತಾಳೆ, ತೆಗೆಯುತ್ತಾಳೆ, ನೋ, ಯೆಸ್, ನೋ — ಮುಚ್ಚುತ್ತಾಳೆ — ಯಾ ಅಲ್ಲಾಹ್, ಮುಚ್ಚಿದ್ದು! ಹಳದಿ ಕಪ್ಪು ಎರಡರ ಜೀನು ಹೋಲಿಸುವ ಮೊದಲು ನಸೀಮಾಳೇ ಕಂಪ್ಯೂಟರಿನಲ್ಲಿ ಮುಚ್ಚಿದ್ದಳಲ್ಲ, ತಮ್ಮ ನಕಲು ತೆಗೆದುಕೊಂಡು ಜೀನುಗಳ ನಡುವೆ ಹಾರಿ ಹಾರಿ ಕೂರುವ ತುಣುಕುಗಳನ್ನು, ಸಾವಿರ ಕಡೆ ಒಂದೇ ಥರ ಕೂತು ಲೆಕ್ಕ ಕೆಡಿಸುತ್ತವೆಂದು ಅವನ್ನು ಮುಚ್ಚಿಡುವುದೇ ವಾಡಿಕೆ, ಮುಚ್ಚಿದಲ್ಲೆಲ್ಲ ಜೀನಿನ ಅಕ್ಷರಗಳ ಬದಲು ಪರದೆ ತುಂಬ ಎನ್ ಎನ್ ಎನ್, ಕಸ ಎಂದುಕೊಂಡು ಮತ್ತೆ ಅತ್ತ ತಲೆ ಹಾಕಲಿಲ್ಲ, ಇಂಗ್ಲೆಂಡಿನ ಪತಂಗಕ್ಕೆ ಕಪ್ಪು ಬಂದದ್ದು ಅಂಥದೇ ಒಂದು ಹಾರಿಬಂದ ತುಣುಕಿನಿಂದ ಎಂದು ಹೋದ ವರ್ಷ ಲ್ಯಾಬಿಗೆಲ್ಲ ಓದಿ ಹೇಳಿದವಳೂ ಇವಳೇ, ಎಂಥ ಬುದ್ಧಿವಂತೆ! ಕೇರಿ ಚೆಲ್ಲಿದ ಹೊಟ್ಟಿನಲ್ಲೇ ಕಾಳಿದ್ದರೆ? ಇದೆಯೋ ಇಲ್ಲವೋ, ನೋಡಿಯೇ ಇಲ್ಲ, ನೋಡದೆಯೇ ಇಲ್ಲ ಎಂದು ಬರೆದದ್ದು. ಸುಮ್ಮನಿದ್ದರೆ ಯಾರಿಗೂ ತಿಳಿಯದು, ವಿಮಾನ ಹತ್ತಿದರೆ ಮುಗಿಯಿತು, ಊರಲ್ಲಿ ಅತ್ತೆ ನಬೀಸಾ ಹೇಗೂ ಕೇಳುವುದು ಇಷ್ಟೇ, ಚಿಟ್ಟೆ ನೋಡ್ಲಿಕ್ಕೂ ಸಂಬಳ ಕೊಡ್ತಾರಾ. ವಿಮಾನ ನಿಲ್ದಾಣದೆದುರು ಕಾರು ನಿಂತಿತು, ನೌಶಾದ್ ಪೆಟ್ಟಿಗೆ ಇಳಿಸುತ್ತಿದ್ದಾನೆ, ಅವಳ ಬೆರಳು ಫೋನು ಒತ್ತಿಬಿಟ್ಟಿದೆ, ಡಾಕ್ಟರ್, ಕಳಿಸಬೇಡಿ, ನಾನು ಮುಚ್ಚಿದ ಭಾಗ ತೆರೆದು ನೋಡಬೇಕು. ಮುನೀರಾ ಎಂದರು, ನಸೀಮಾ, ನೀವು ಹೊರಟಾಯ್ತಲ್ಲ, ಇನ್ನು ಬೇರೆ ಯಾರೋ ಮಾಡಬೇಕು, ಮೊದಲ ಹೆಸರು ಅವರದ್ದಾಗುತ್ತದೆ, ಗೊತ್ತಲ್ಲ? ಗೊತ್ತು, ಗೊತ್ತು ಡಾಕ್ಟರ್, ತೆರೆದು ನೋಡಲಿ. ಬಾ ಬಾ, ಲೇಟಾಗ್ತದೆ, ನೌಶಾದ್ ಕೂಗುತ್ತಾನೆ, ಕೂಗಲಿ, ಅವಳಿಗೆ ಪೆಟ್ಟಿಗೆ ಕಾಣುತ್ತಿಲ್ಲ, ಬಾಗಿಲು ಕಾಣುತ್ತಿಲ್ಲ, ಆ ಬಂಡೆ, ಬಂಡೆಯ ಮೇಲೆ ಹಿಬಾಳ ಅಂಗೈ, ಅದರಡಿ ಪಟಪಟ, ಪಟಪಟ —